ಸಲೈನ್ ಹಚ್ಚುವ ಮೊದಲು ಒಂದು ಸೌಟು ಮೂತ್ರ

ಎಳ್ಳ ಅಮಾವಾಸ್ಯೆ ಕಳೆದು ಎರಡನೆಯ ದಿನ. ಬೆಳಗ್ಗೆ ಎಂಟೂವರೆಗೆ ಉಣಕಲ್ ಕಡೆಯ ಒಂದು ಕುಟುಂಬ ತಮ್ಮ ಲ್ಯಾಬ್ರಡಾರ್ ನಾಯಿಯನ್ನು ಆಟೋದಲ್ಲಿ ಮಲಗಿಸಿಕೊಂಡು ಹುಬ್ಬಳ್ಳಿಯ ನಮ್ಮ ಕ್ಲಿನಿಕ್‌ಗೆ ಬಂತು. ಹೆಸರು ರಾಣಿ. ಎಂಟು ವರ್ಷದ ಹೆಣ್ಣು, ಗರ್ಭಕೋಶ ತೆಗೆಸಿದ್ದು. ತೂಕ 38 ಕೆಜಿ. ಅವಳ ಮೈಕಟ್ಟಿಗೆ 30 ಸಾಕಿತ್ತು. ಮನೆಯೊಡತಿ ಒಳಗೆ ಕಾಲಿಡುತ್ತಲೇ ಒಂದು ರಿಪೋರ್ಟನ್ನು ಕೈಗಿಟ್ಟರು.

"ಡಾಕ್ಟ್ರ, ಕಿಡ್ನಿ ಎರಡೂ ಹೋಗ್ಯಾವಂತ್ರಿ. ಹೊಟ್ಯಾಗ ಇನ್ನೂ ಏನೋ ಒಡದೈತಂತ. ಇಪ್ಪತ್ತು ಪಟ್ಟು ಹೆಚ್ಚು ಬಂದೈತಿ ಅಂದ್ರು. ಖರೇನ ಏನ್ರಿ?"

ಹಿಂದಿನ ಸಂಜೆ ಮನೆ ಹತ್ತಿರದ ಲ್ಯಾಬ್ ಒಂದರಲ್ಲಿ ರಕ್ತ ಪರೀಕ್ಷೆ ಮಾಡಿಸಿದ್ದರು. ಜೀರ್ಣಕ್ಕೆ ನೆರವಾಗುವ ಕಿಣ್ವ ಅಮೈಲೇಸ್ 2,350 ಯೂನಿಟ್, ಮೂತ್ರಪಿಂಡ ಹೊರಹಾಕಬೇಕಾದ ಕಸಗಳಾದ ಯೂರಿಯಾ 118, ಕ್ರಿಯಾಟಿನಿನ್ 2.9. ಮೂರರ ಮುಂದೆಯೂ ಹೆಚ್ಚಾಗಿದೆ ಎಂಬ ಗುರುತು. ಅಂಕಿಗಳಲ್ಲಿ ತಪ್ಪಿರಲಿಲ್ಲ, ಅವುಗಳ ಪಕ್ಕದಲ್ಲಿ ಅಚ್ಚಾದ ಸಹಜ ಮಿತಿಯಲ್ಲಿತ್ತು ತಪ್ಪು. ಅದು ಮನುಷ್ಯರ ಮಿತಿ. ಮನುಷ್ಯರ ರಕ್ತದಲ್ಲಿ ಅಮೈಲೇಸ್ ಸುಮಾರು ನೂರರ ಆಸುಪಾಸಿಗೆ ನಿಲ್ಲಬೇಕು. ಆರೋಗ್ಯವಂತ ನಾಯಿಯಲ್ಲಿ ಅದು ಸಾವಿರ ದಾಟುವುದು ಸಾಮಾನ್ಯ. ನಮ್ಮ ಯಂತ್ರದಲ್ಲಿ ನಾಯಿಯ ಮೇಲ್ಮಿತಿ 1,500. ಹಾಗೆ ನೋಡಿದರೆ ರಾಣಿಯದು ಇಪ್ಪತ್ತು ಪಟ್ಟಲ್ಲ, ಒಂದೂವರೆ ಪಟ್ಟು. ಒಂದೂವರೆ ಪಟ್ಟಿನ ಅಮೈಲೇಸ್ ಇಟ್ಟುಕೊಂಡು ಮೇದೋಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್, ಊದಿದೆ ಎನ್ನಲೂ ಬರುವುದಿಲ್ಲ, ಊದಿಲ್ಲ ಎನ್ನಲೂ ಬರುವುದಿಲ್ಲ. ನಾಯಿಯ ರಕ್ತವನ್ನು ಮನುಷ್ಯರ ಲ್ಯಾಬಿಗೆ ಕೊಡುವುದು ನಮ್ಮ ಊರುಗಳಲ್ಲಿ ಅನಿವಾರ್ಯವಾಗಿ ನಡೆದುಬಂದಿದೆ, ನಾನು ಅದನ್ನು ತೆಗಳುವುದಿಲ್ಲ. ಆದರೆ ಆ ಹಾಳೆಯ ಬಲಗಡೆಯ ಸಾಲನ್ನು ಯಾರೂ ಓದಬಾರದು.

ಏನು ತಿಂದಳೆಂದು ಕೇಳಿದೆ. ಈ ಸೀಮೆಯವರಿಗೆ ಉತ್ತರ ಗೊತ್ತಿರುವಂಥದೇ.

"ಚರಗ ಚೆಲ್ಲಾಕ ಅಣ್ಣಿಗೇರಿ ಕಡೆ ಹೊಲಕ್ಕ ಹೋಗಿದ್ವಿರಿ, ಇಕೀನೂ ಕರಕೊಂಡು. ಬಂದವರೆಲ್ಲಾ ಒಂದೊಂದು ತುತ್ತು ಹಾಕ್ಯಾರ. ಕಡಬು ತಿಂದಾಳ, ಶೇಂಗಾ ಹೋಳಿಗಿ ತಿಂದಾಳ, ಗೋಧಿ ಹುಗ್ಗಿ ತಿಂದಾಳ. ತುಪ್ಪದ ಡಬ್ಬಿ ಮಗ್ಗಲಕ್ಕ ಇತ್ರಿ, ಅದನ್ನೂ ನೆಕ್ಕಿ ಇಟ್ಟಾಳ."

"ಹುಗ್ಗಿಯೊಳಗ ಒಣದ್ರಾಕ್ಷಿ ಹಾಕಿದ್ರೇನ್ರಿ ಅಕ್ಕಾರ?"

"ಹಾಕಿದ್ದೆರಿ. ಯಾಕ್ರಿ?"

ಇಲ್ಲಿಂದ ಪ್ರಕರಣ ಜಟಿಲವಾಯಿತು. ದ್ರಾಕ್ಷಿ ಮತ್ತು ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಎಲ್ಲ ನಾಯಿಗೂ ಒಂದೇ ಪ್ರಮಾಣದಲ್ಲಿ ಅಲ್ಲ, ಆದರೆ ಆದವಕ್ಕೆ ಒಂದರಿಂದ ಮೂರು ದಿನದೊಳಗೆ ಮೂತ್ರಪಿಂಡ ಕೈಕೊಡಬಹುದು, ಮತ್ತು ಮೊದಲ ಲಕ್ಷಣ ವಾಂತಿಯೇ. ತುಪ್ಪ, ಶೇಂಗಾ ಮುಂತಾದ ಜಿಡ್ಡಿನ ಊಟ ಒಮ್ಮೆಲೇ ಹೊಟ್ಟೆಗೆ ಬಿದ್ದರೆ ಪ್ಯಾಂಕ್ರಿಯಾಸ್ ಊದಬಹುದು, ಅದರ ಮೊದಲ ಲಕ್ಷಣವೂ ವಾಂತಿ. ಹೊಲದಲ್ಲಿ ಇಲಿಯ ಮೂತ್ರ ತಾಗಿದ ನೀರು ಕುಡಿದಿದ್ದರೆ ಲೆಪ್ಟೋಸ್ಪೈರೋಸಿಸ್, ಅಂದರೆ ಇಲಿ ಜ್ವರ, ಕೂಡ ಆಗಬಹುದು. ಒಂದೇ ಊಟ, ಒಂದೇ ದಿನ, ಮೂರು ದಾರಿ.

ರಕ್ತದ ಅಂಕಿಗಳು ಈ ಗಂಟನ್ನು ಇನ್ನಷ್ಟು ಬಿಗಿ ಮಾಡುತ್ತವೆ. ಅಮೈಲೇಸ್ ಮತ್ತು ಕೊಬ್ಬು ಜೀರ್ಣಿಸುವ ಕಿಣ್ವ ಲೈಪೇಸ್ ದೇಹದಿಂದ ಹೊರಬೀಳಲು ಮೂತ್ರಪಿಂಡದ ನೆರವು ಬೇಕು. ಮೂತ್ರಪಿಂಡ ಸೋತರೆ, ಪ್ಯಾಂಕ್ರಿಯಾಸ್ ಚೆನ್ನಾಗಿದ್ದರೂ ಇವೆರಡೂ ರಕ್ತದಲ್ಲಿ ಉಳಿದು ಎರಡು ಮೂರು ಪಟ್ಟು ಏರುತ್ತವೆ. ಇನ್ನೊಂದು ಕಡೆಯಿಂದ, ಪ್ಯಾಂಕ್ರಿಯಾಸ್ ಊದಿ ನಾಯಿ ಎರಡು ದಿನ ವಾಂತಿ ಮಾಡಿ ನೀರಿಂಗಿದರೆ, ಮೂತ್ರಪಿಂಡ ಚೆನ್ನಾಗಿದ್ದರೂ ಯೂರಿಯಾ, ಕ್ರಿಯಾಟಿನಿನ್ ಏರುತ್ತವೆ. ಯಾವುದು ಮೊದಲು, ಯಾವುದು ಅದರ ನೆರಳು ಎಂದು ರಕ್ತವೊಂದೇ ಹೇಳದು. ಅದನ್ನು ಹೇಳಬಲ್ಲದ್ದು ಮೂತ್ರ, ಅದೂ ಸಲೈನ್ ಹಚ್ಚುವ ಮೊದಲು ಹಿಡಿದ ಮೂತ್ರ.

ಇದನ್ನು ನಾನು ಕಲಿತದ್ದು ಒಂದು ಜೀವದ ಬೆಲೆಗೆ. ಕೆಲವು ವರ್ಷಗಳ ಹಿಂದೆ ಇಂಥದೇ ಅಂಕಿಗಳ ಒಂದು ಬಿಳಿ ಸ್ಪಿಟ್ಜ್ ಬಂದಿತ್ತು. ನಿತ್ರಾಣವಾಗಿತ್ತು. ಬಂದ ಕೂಡಲೇ ಸಲೈನ್ ಹಚ್ಚಿದೆ. ನಾಲ್ಕು ತಾಸಿನ ಮೇಲೆ ಮೂತ್ರ ನೋಡಿದರೆ ಸಾಂದ್ರತೆ 1.011, ಅಂದರೆ ತೀರ ತೆಳು. ನಾನೇ ಸುರಿದ ನೀರು ಅದನ್ನು ತೆಳು ಮಾಡಿದ್ದೀತು ಎಂದು ಯೋಚಿಸದೆ ಮೂತ್ರಪಿಂಡ ಸೋತಿದೆ ಎಂದು ಬರೆದೆ. ಹೊಟ್ಟೆನೋವಿಗೆ ಸರಿಯಾದ ಔಷಧ ಕೊಡಲಿಲ್ಲ. ಅದು ಮೂರನೆಯ ದಿನ ಹೋಯಿತು. ಮನೆಯವರ ಒಪ್ಪಿಗೆ ಪಡೆದು ಹೊಟ್ಟೆ ತೆರೆದಾಗ ಪ್ಯಾಂಕ್ರಿಯಾಸ್ ಕೆಂಪಗೆ ಬಾತಿತ್ತು, ಸುತ್ತಲಿನ ಕೊಬ್ಬಿನ ಮೇಲೆ ಸುಣ್ಣದ ಚುಕ್ಕೆಗಳಂತೆ ಬಿಳಿ ಕಲೆಗಳಿದ್ದವು. ಸೋರಿದ ಲೈಪೇಸ್ ಕೊಬ್ಬನ್ನು ಒಡೆದು ಕ್ಯಾಲ್ಸಿಯಂ ಜೊತೆ ಸೇರಿ ಸಾಬೂನಿನಂತಾದ ಗುರುತು ಅದು. ಅಂದಿನಿಂದ ನಮ್ಮಲ್ಲಿ ವಾಂತಿಯ ನಾಯಿಗೆ ಸೂಜಿ ಚುಚ್ಚುವ ಮೊದಲು ಮೂತ್ರ ಹಿಡಿಯುವುದು ನಿಯಮ. ಪ್ರಾಣ ಹೋಗುವ ಸ್ಥಿತಿ ಇದ್ದರೆ ಮಾತ್ರ ಬಿಡುತ್ತೇವೆ.

ರಾಣಿಗೆ ಅಷ್ಟು ಹೊತ್ತು ಇತ್ತು. ಜ್ವರ 103.6 ಡಿಗ್ರಿ ಫ್ಯಾರನ್‌ಹೀಟ್, ನಾಡಿ 140, ವಸಡು ಅಂಟಂಟು, ಚರ್ಮ ಹಿಡಿದೆತ್ತಿದರೆ ನಿಧಾನಕ್ಕೆ ಕೂರುತ್ತಿತ್ತು. ಹೊಟ್ಟೆಯ ಮುಂಭಾಗ ಬಲಗಡೆ ಮುಟ್ಟಿದರೆ ಗಟ್ಟಿ ಮಾಡಿಕೊಳ್ಳುತ್ತಿದ್ದಳು. ಮುಂಗಾಲು ಚಾಚಿ ಎದೆ ನೆಲಕ್ಕೂರಿ ಹಿಂಭಾಗ ಮೇಲೆತ್ತಿ ನಿಲ್ಲುವ ಭಂಗಿಯನ್ನು ರಾತ್ರಿಯಿಡೀ ಮಾಡಿದ್ದಾಳೆಂದು ಮಗಳು ಮೊಬೈಲ್‌ನಲ್ಲಿ ತೋರಿಸಿದಳು. ಅದನ್ನು ನೋಡಿ ಮನೆಯವರು ರಾಣಿ ದೇವರಿಗೆ ಕೈಮುಗಿಯುತ್ತಿದ್ದಾಳೆ ಅಂದುಕೊಂಡಿದ್ದರಂತೆ. ಅದು ಹೊಟ್ಟೆನೋವು.

ಆ ಮಗಳು ಒಂದು ಆಸ್ಪತ್ರೆಯಲ್ಲಿ ನರ್ಸ್. ತೊಳೆದು ಒಣಗಿಸಿದ ಸ್ಟೀಲ್ ಸೌಟು ಕೊಟ್ಟು, "ಅಂಗಳಕ್ಕ ನಿಧಾನಕ್ಕ ನಡಸ್ರಿ, ಕುಂತಾಗ ಹಿಂದಿನಿಂದ ಸೌಟು ಚಾಚ್ರಿ, ಮೊದಲನೇ ಹನಿ ಬಿಟ್ಟು ನಡುವಿಂದು ಹಿಡೀರಿ" ಅಂದೆ. ಐದು ನಿಮಿಷದಲ್ಲಿ ತಂದಳು. ಕಡು ಹಳದಿ, ಎರಡು ಚಮಚದಷ್ಟು. ಅಷ್ಟು ಸಾಕು.

ಸಾಂದ್ರತೆ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ 1.046.

ಈ ಅಂಕಿ ಕಂಡಾಗ ನನಗೆ ಉಸಿರು ಹಗುರಾಯಿತು. ಸೋತ ಮೂತ್ರಪಿಂಡಕ್ಕೆ ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಇರುವುದಿಲ್ಲ, ಅದು 1.008ರಿಂದ 1.012ರ ಹತ್ತಿರ ಜೋತುಬೀಳುತ್ತದೆ. ನೀರಿಂಗಿದ ನಾಯಿ 1.030ಕ್ಕಿಂತ ಗಟ್ಟಿಯಾದ ಮೂತ್ರ ಮಾಡುತ್ತಿದ್ದರೆ ಮೂತ್ರಪಿಂಡ ತನ್ನ ಕೆಲಸ ಮಾಡುತ್ತಿದೆ, ಅದಕ್ಕೆ ನೀರು ಸಾಲುತ್ತಿಲ್ಲ, ಅಷ್ಟೇ. ಇದನ್ನು ಮೂತ್ರದ ಸ್ಟ್ರಿಪ್ಪಿನ ಸಾಂದ್ರತೆಯ ಚೌಕದಲ್ಲಿ ನೋಡಬಾರದು, ನಾಯಿಯಲ್ಲಿ ಅದು ನಂಬಿಕೆಗೆ ಯೋಗ್ಯವಲ್ಲ. ಸ್ಟ್ರಿಪ್ಪಿನ ಉಳಿದ ಚೌಕಗಳು ಬೇಕು: ಗ್ಲೂಕೋಸ್ ಇಲ್ಲ, ಕೀಟೋನ್ ಇಲ್ಲ, ಪ್ರೋಟೀನ್ ಒಂದು ಪ್ಲಸ್, ಪಿತ್ತದ ಹಳದಿ ಬಣ್ಣವಾದ ಬಿಲಿರುಬಿನ್ ಒಂದು ಪ್ಲಸ್. ರಕ್ತದ ಸಕ್ಕರೆ ಸರಿಯಿದ್ದೂ ಮೂತ್ರದಲ್ಲಿ ಗ್ಲೂಕೋಸ್ ಬಂದಿದ್ದರೆ ಮೂತ್ರಪಿಂಡದ ನಳಿಕೆಗಳಿಗೆ ಪೆಟ್ಟು ಬಿದ್ದಿದೆ ಎಂದು ಒಣದ್ರಾಕ್ಷಿಯನ್ನೋ ಲೆಪ್ಟೋವನ್ನೋ ಶಂಕಿಸಬೇಕಿತ್ತು. ಕೀಟೋನ್ ಬಂದಿದ್ದರೆ ಪ್ಯಾಂಕ್ರಿಯಾಸ್‌ನೊಂದಿಗೆ ಸಕ್ಕರೆ ಕಾಯಿಲೆಯೂ ಕೆರಳಿದೆಯೇ ಎಂದು ನೋಡಬೇಕಿತ್ತು. ಸೂಕ್ಷ್ಮದರ್ಶಕದಲ್ಲಿ ಕಣಕಣವಾದ ಕಾಸ್ಟ್‌ಗಳು, ಅಂದರೆ ನಳಿಕೆಗಳೊಳಗೆ ಅಚ್ಚುಗಟ್ಟಿದ ತುಂಡುಗಳು, ಕಾಣಲಿಲ್ಲ. ಅಷ್ಟು ಗಟ್ಟಿ ಮೂತ್ರದಲ್ಲಿ ಒಂದು ಪ್ಲಸ್ ಪ್ರೋಟೀನ್, ಒಂದು ಪ್ಲಸ್ ಬಿಲಿರುಬಿನ್ ನನ್ನನ್ನು ಕಾಡಲಿಲ್ಲ. ಬಿಲಿರುಬಿನ್ ವಿಷಯದಲ್ಲಿ ನಾನು ಮುಂದೆ ಮನಸ್ಸು ಬದಲಿಸಬೇಕಾಯಿತು.

ರಿಂಗರ್ ಲ್ಯಾಕ್ಟೇಟ್ ಎಂಬ ಸಲೈನ್ ಶುರು ಮಾಡಿದೆವು. ಸೂಜಿ ಹಾಕುವಾಗಲೇ ತೆಗೆದ ರಕ್ತವನ್ನು ಯಂತ್ರದಲ್ಲಿ ತಿರುಗಿಸಿದರೆ ಮೇಲೆ ನಿಲ್ಲುವ ದ್ರವ, ಅಂದರೆ ಸೀರಂ, ನೀರು ಮಜ್ಜಿಗೆಯ ಬಣ್ಣಕ್ಕಿತ್ತು. ಎರಡು ದಿನ ಏನೂ ತಿನ್ನದ ನಾಯಿಯ ರಕ್ತದಲ್ಲಿ ಕೊಬ್ಬು ಇನ್ನೂ ತೇಲುತ್ತಿತ್ತು, ಟ್ರೈಗ್ಲಿಸರೈಡ್ 640. ಬಿಳಿ ರಕ್ತಕಣ 24,000, ಪ್ಲೇಟ್‌ಲೆಟ್ 1.9 ಲಕ್ಷ. ನಮ್ಮ ಕಡೆ ಯಾವ ನಾಯಿ ಮಲಗಿದರೂ ಉಣ್ಣೆ ಜ್ವರವನ್ನು ಕೇಳದೆ ಬಿಡುವಂತಿಲ್ಲ, ಅದರಲ್ಲೂ ಬೆಬೀಸಿಯ ಎಂಬ ರಕ್ತದ ಪರಾವಲಂಬಿ ಕೆಲವೊಮ್ಮೆ ಪ್ಯಾಂಕ್ರಿಯಾಸನ್ನೇ ಕೆರಳಿಸುತ್ತದೆ. ರಕ್ತದ ಲೇಪನದಲ್ಲಿ ಏನೂ ಸಿಗಲಿಲ್ಲ.

ಆಮೇಲೆ ಪ್ಯಾಂಕ್ರಿಯಾಟಿಕ್ ಲೈಪೇಸಿನ ಕಾರ್ಡ್ ಟೆಸ್ಟ್. ಸಾಮಾನ್ಯ ಲೈಪೇಸ್ ಪರೀಕ್ಷೆಗೂ ಇದಕ್ಕೂ ವ್ಯತ್ಯಾಸವಿದೆ. ಸಾಮಾನ್ಯ ಪರೀಕ್ಷೆ ಲೈಪೇಸ್ ಮಾಡುವ ಕೆಲಸವನ್ನು ಅಳೆಯುತ್ತದೆ. ಹೊಟ್ಟೆ, ಕರುಳು, ಪಿತ್ತಜನಕಾಂಗದಿಂದ ಬಂದ ಲೈಪೇಸ್‌ಗಳೂ ಆ ಕೆಲಸ ಮಾಡುತ್ತವೆ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಚುಚ್ಚಿಸಿಕೊಂಡು ಬಂದ ನಾಯಿಯಲ್ಲಿ ಪ್ಯಾಂಕ್ರಿಯಾಸ್ ಸರಿಯಿದ್ದೂ ಅದು ಏರಿರುತ್ತದೆ. ಕಾರ್ಡಿನಲ್ಲಿರುವ ಪ್ರತಿಕಾಯ ನಾಯಿಯ ಪ್ಯಾಂಕ್ರಿಯಾಸ್ ಮಾಡಿದ ಲೈಪೇಸನ್ನು ಮಾತ್ರ ಗುರುತಿಸುತ್ತದೆ. ಈ ಪರೀಕ್ಷೆಯ ತಳಹದಿ ಹಾಕಿದ್ದು ಅಮೆರಿಕದ ಟೆಕ್ಸಾಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದ ಜಠರ-ಕರುಳು ಪ್ರಯೋಗಾಲಯ. ಅಂಕಿ ಕೊಡುವ ಪ್ರಯೋಗಾಲಯದ ಪರೀಕ್ಷೆಯಲ್ಲಿ ಲೀಟರಿಗೆ 200 ಮೈಕ್ರೋಗ್ರಾಂವರೆಗೆ ಸಹಜ, 400 ಮತ್ತು ಅದಕ್ಕೂ ಮೇಲೆ ಉರಿಯೂತಕ್ಕೆ ಹೊಂದುತ್ತದೆ, ನಡುವಿನದು ಅನುಮಾನದ ಪಟ್ಟಿ. ಕ್ಲಿನಿಕ್ಕಿನ ಕಾರ್ಡಿನಲ್ಲಿ ಅಂಕಿ ಇಲ್ಲ, ಎರಡು ಚುಕ್ಕೆಗಳಿವೆ. ಮಾದರಿಯ ಚುಕ್ಕೆ ಹೋಲಿಕೆಯ ಚುಕ್ಕೆಗಿಂತ ತಿಳಿಯಾಗಿದ್ದರೆ ಪ್ಯಾಂಕ್ರಿಯಾಸ್ ಬಹುಮಟ್ಟಿಗೆ ನಿರಪರಾಧಿ. ಸಮ ಅಥವಾ ಗಾಢವಾಗಿದ್ದರೆ ಮುಂದೆ ನೋಡಬೇಕು.

ರಾಣಿಯದು ಗಾಢ ನೀಲಿ.

ಇಷ್ಟಕ್ಕೇ ನಿಲ್ಲುವವರಿದ್ದಾರೆ. ನಾನು ನಿಲ್ಲುವುದಿಲ್ಲ. ಕರುಳಿಗೆ ಏನಾದರೂ ಸಿಕ್ಕಿಬಿದ್ದು ಅದರ ಪಕ್ಕದ ಪ್ಯಾಂಕ್ರಿಯಾಸ್ ಕೆರಳಿದರೂ ಈ ಚುಕ್ಕೆ ಗಾಢವಾಗುತ್ತದೆ, ಮತ್ತು ಹೊಲಕ್ಕೆ ಹೋದ ನಾಯಿ ಗೋವಿನಜೋಳದ ಬೆಂಡು ನುಂಗಿ ಬರುವುದು ಹೊಸದಲ್ಲ. ಬೆಂಡು ಸಿಕ್ಕಿದ್ದರೆ ಬೇಕಾದದ್ದು ಶಸ್ತ್ರಚಿಕಿತ್ಸೆ. ಎಕ್ಸ್‌ರೇ ತೆಗೆದೆವು, ಅಡ್ಡಿ ಕಾಣಲಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಪ್ಯಾಂಕ್ರಿಯಾಸ್‌ನ ಬಲ ಭಾಗ ದಪ್ಪಗಾಗಿ ಕಪ್ಪಾಗಿ, ಸುತ್ತಲಿನ ಕೊಬ್ಬು ಬೆಳ್ಳಗೆ ಹೊಳೆಯುತ್ತಿತ್ತು. ಉರಿಯೂತವೆಂದು ಬರೆಯಲು ಈಗ ಕೈ ಹಿಂಜರಿಯಲಿಲ್ಲ. ಉಳಿದ ಸೀರಂ ಅನ್ನು ಐಸ್ ಡಬ್ಬಿಯಲ್ಲಿಟ್ಟು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಕಳಿಸಿದೆವು. ಎರಡು ದಿನದ ಮೇಲೆ ಬಂದ ಅಂಕಿ 780.

ಚಿಕಿತ್ಸೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ದ್ರವ, ವಾಂತಿಗೆ ಮಾರೊಪಿಟಂಟ್, ನೋವಿಗೆ ಓಪಿಯಾಯ್ಡ್ ವರ್ಗದ ಔಷಧ. ಸೋಂಕಿನ ಗುರುತು ಇಲ್ಲದ್ದರಿಂದ ಆ್ಯಂಟಿಬಯಾಟಿಕ್ ಕೊಡಲಿಲ್ಲ. ನಾವು ಓದುವಾಗ ಪ್ಯಾಂಕ್ರಿಯಾಸ್‌ಗೆ ವಿಶ್ರಾಂತಿ ಎಂದು ಮೂರು ನಾಲ್ಕು ದಿನ ಉಪವಾಸ ಕೆಡವುತ್ತಿದ್ದೆವು. ಈಗ ಆ ಪದ್ಧತಿ ಹೋಗಿದೆ, ವಾಂತಿ ಹತೋಟಿಗೆ ಬಂದ ಕೂಡಲೇ ಜಿಡ್ಡಿಲ್ಲದ ಊಟ ಕೊಡಬೇಕು, ಇಲ್ಲದಿದ್ದರೆ ಕರುಳಿನ ಒಳಪದರ ಸೊರಗುತ್ತದೆ. ಮರುದಿನ ಬೆಳಗ್ಗೆ ಮೆತ್ತಗಿನ ಅನ್ನಕ್ಕೆ ತೊಗಲು ತೆಗೆದ ಕೋಳಿಯ ಎದೆಮಾಂಸ ಬೇಯಿಸಿ ಹಿಸುಕಿ ಎರಡು ಚಮಚ ಕೊಟ್ಟೆವು. ಉಳಿಯಿತು.

ಆ ಹೊತ್ತಿಗೆ ಮಗಳು ಒಂದು ಪ್ರಶ್ನೆ ಕೇಳಿದಳು. ಒಳ್ಳೆಯ ಪ್ರಶ್ನೆ.

"ಸರ, ಮನಷ್ಯಾರಿಗೆ ಉಚ್ಚಿಯೊಳಗ ಟ್ರಿಪ್ಸಿನೋಜನ್ ನೋಡೂ ಸ್ಟ್ರಿಪ್ ಐತಿ ಅಂತ ಓದಿದ್ದೆರಿ. ಅದು ಇಕಿಗೆ ನಡಿಯೂದಿಲ್ಲೇನ್ರಿ? ರಕ್ತ ತಗಿಯೂದರ ತಪ್ಪತಿತ್ತು."

ನಡೆಯುವುದಿಲ್ಲ. ಆ ಸ್ಟ್ರಿಪ್ಪಿನ ಪ್ರತಿಕಾಯ ಮನುಷ್ಯರ ಟ್ರಿಪ್ಸಿನೋಜನ್‌ಗೆ ಕೂಡಿಸಿದ್ದು, ನಾಯಿಯಲ್ಲಿ ಅದರ ಉತ್ತರವನ್ನು ನಂಬುವಂತಿಲ್ಲ. ಆದರೆ ಅವಳ ಯೋಚನೆಯ ದಾರಿ ಸರಿಯಿತ್ತು, ಸಂಶೋಧಕರೂ ಅದೇ ದಾರಿಯಲ್ಲಿ ನಡೆದಿದ್ದಾರೆ. ಟ್ರಿಪ್ಸಿನೋಜನ್ ಎಂದರೆ ಬೀಗ ಹಾಕಿದ ಟ್ರಿಪ್ಸಿನ್, ಪ್ಯಾಂಕ್ರಿಯಾಸ್ ಮಾಡುವ ಒಂದು ಜೀರ್ಣಕ ಕಿಣ್ವ. ಕರುಳಿಗೆ ಇಳಿದ ಮೇಲೆಯೇ ಬೀಗ ತೆರೆಯಬೇಕು. ಉರಿಯೂತದಲ್ಲಿ ಅದು ಗ್ರಂಥಿಯೊಳಗೇ ತೆರೆದುಕೊಂಡು ಮನೆಯನ್ನೇ ಜೀರ್ಣಿಸತೊಡಗುತ್ತದೆ. ಆಗ ಕಳಚಿ ಬೀಳುವ ಬೀಗದ ತುಂಡೇ ಟ್ರಿಪ್ಸಿನೋಜನ್ ಆ್ಯಕ್ಟಿವೇಶನ್ ಪೆಪ್ಟೈಡ್. ತೀರ ಚಿಕ್ಕದಾದ್ದರಿಂದ ಅದು ಸಲೀಸಾಗಿ ಮೂತ್ರಕ್ಕೆ ಇಳಿಯುತ್ತದೆ. ಕೇಳಿದರೆ ಇದಕ್ಕಿಂತ ನೇರವಾದ ಸಾಕ್ಷಿ ಇಲ್ಲ ಅನಿಸುತ್ತದೆ. ನಾಯಿಗಳ ಮೂತ್ರದಲ್ಲಿ ಇದನ್ನು ಕ್ರಿಯಾಟಿನಿನ್ ಜೊತೆ ಅನುಪಾತ ಹಾಕಿ ಅಳೆದೂ ನೋಡಿದ್ದಾರೆ. ಆದರೆ ಉರಿಯೂತ ಇದ್ದವುಗಳ ಅಂಕಿ ಬೇರೆ ಕಾಯಿಲೆಯವುಗಳ ಅಂಕಿಯೊಂದಿಗೆ ಬೆರೆತುಹೋಗುತ್ತದೆ. ಮೂತ್ರಪಿಂಡದ ತೊಂದರೆ ಇದ್ದರಂತೂ ಇನ್ನಷ್ಟು ಗೊಂದಲ. ಹಾಗಾಗಿ ಅದು ಕ್ಲಿನಿಕ್ಕಿನ ಮೇಜಿಗೆ ಬರಲಿಲ್ಲ. ರಕ್ತದಲ್ಲಿ ಟ್ರಿಪ್ಸಿನೋಜನ್ ಅಳೆಯುವ ಟಿಎಲ್‌ಐ ಪರೀಕ್ಷೆಯ ಕಥೆಯೂ ಹತ್ತಿರದ್ದೇ: ಉರಿಯೂತದಲ್ಲಿ ಬೇಗ ಏರಿ ಬೇಗ ಇಳಿದುಬಿಡುತ್ತದೆ. ಅದರ ನಿಜವಾದ ಉಪಯೋಗ ಪ್ಯಾಂಕ್ರಿಯಾಸ್ ಬತ್ತಿಹೋದ ನಾಯಿಗಳಲ್ಲಿ, ಅಲ್ಲಿ ಅದು ಲೀಟರಿಗೆ 2.5 ಮೈಕ್ರೋಗ್ರಾಂಗಿಂತ ಕೆಳಗೆ ಕುಸಿಯುತ್ತದೆ.

ನಾಯಿಯ ಪ್ಯಾಂಕ್ರಿಯಾಸ್ ಊದಿದೆ ಎಂದು ಮೂತ್ರ ತಾನಾಗಿ ಹೇಳದು. ರಕ್ತ ಹೇಳಿದ್ದರಲ್ಲಿ ಯಾವುದನ್ನು ನಂಬಬೇಕೆಂದು ಹೇಳುತ್ತದೆ. ಇದನ್ನೇ ಅವಳಿಗೆ ಹೇಳಿದೆ.

ಮೂವತ್ತಾರು ತಾಸಿನ ಮೇಲೆ ಕ್ರಿಯಾಟಿನಿನ್ 1.3ಕ್ಕೆ ಇಳಿಯಿತು, ಮೂತ್ರ ಧಾರಾಳವಾಗಿ ಹೋಗುತ್ತಿತ್ತು. ಒಣದ್ರಾಕ್ಷಿಯ ಭಯ ಅಷ್ಟು ಬೇಗ ಪೂರ್ತಿ ಹೋಗುವುದಿಲ್ಲವಾದ್ದರಿಂದ ಮತ್ತೊಂದು ದಿನ ಕಾದು ನೋಡಿದೆವು. 1.2. ಆ ದಾರಿ ಅಲ್ಲಿಗೆ ಮುಚ್ಚಿತು.

ಸಿಆರ್‌ಪಿ ಎಂಬ ಉರಿಯೂತದ ಸೂಚಕವನ್ನು ಮೊದಲ ದಿನವೇ ನೋಡಿದ್ದೆವು, 138. ನಾಯಿಯಲ್ಲಿ ಅದು ಸಾಮಾನ್ಯವಾಗಿ ಹತ್ತರೊಳಗೆ ಇರಬೇಕು. ಸಿಆರ್‌ಪಿ ಯಾವ ಅಂಗ ಉರಿಯುತ್ತಿದೆ ಎಂದು ಹೇಳುವುದಿಲ್ಲ, ಬೆಂಕಿ ಎಷ್ಟಿದೆ ಎಂದು ಹೇಳುತ್ತದೆ, ಮತ್ತು ಬೆಂಕಿ ಆರುತ್ತಿದ್ದಂತೆ ತಾನೂ ಬೇಗ ಇಳಿಯುತ್ತದೆ. ಹಾಗಾಗಿ ದಿನದಿನದ ಲೆಕ್ಕಕ್ಕೆ ನನಗೆ ಲೈಪೇಸಿಗಿಂತ ಇದೇ ಬೇಕು. ಮನುಷ್ಯರ ಕಿಟ್‌ಗಳೆಲ್ಲವೂ ನಾಯಿಯ ಸಿಆರ್‌ಪಿಯನ್ನು ಸರಿಯಾಗಿ ಹಿಡಿಯುವುದಿಲ್ಲ, ನಾಯಿಗೆಂದೇ ಇರುವುದನ್ನು ಬಳಸಬೇಕು. ಮೂರನೆಯ ದಿನ 71ಕ್ಕೆ ಬಂತು.

ಅದೇ ದಿನ ಬೆಳಗ್ಗೆ ಮಗಳು ಸೌಟು ಹಿಡಿದುಕೊಂಡೇ ಒಳಗೆ ಬಂದಳು. "ಸರ, ಬಣ್ಣ ನೋಡ್ರಿ." ಸಾಸಿವೆ ಎಣ್ಣೆಯ ಬಣ್ಣ. ಸಾಂದ್ರತೆ 1.022ಕ್ಕೆ ಇಳಿದಿದ್ದರೂ ಬಿಲಿರುಬಿನ್ ಮೂರು ಪ್ಲಸ್. ಗಟ್ಟಿ ಮೂತ್ರದಲ್ಲಿ ಒಂದು ಪ್ಲಸ್ ಇದ್ದಾಗ ಸುಮ್ಮನಿರಬಹುದು, ತೆಳುವಾದ ಮೂತ್ರದಲ್ಲಿ ಮೂರು ಪ್ಲಸ್ ಕಂಡರೆ ಸುಮ್ಮನಿರುವಂತಿಲ್ಲ. ನಾಯಿಯ ಮೂತ್ರಪಿಂಡ ಬಿಲಿರುಬಿನ್ನನ್ನು ಬಹಳ ಬೇಗ ಹೊರಹಾಕುತ್ತದೆ, ಹಾಗಾಗಿ ಕಣ್ಣು ಹಳದಿಯಾಗುವ ಮೊದಲೇ ಮೂತ್ರ ಹಳದಿಯಾಗುತ್ತದೆ. ರಾಣಿಯ ಕಣ್ಣು ಇನ್ನೂ ಬೆಳ್ಳಗಿತ್ತು. ರಕ್ತದಲ್ಲಿ ಬಿಲಿರುಬಿನ್ 1.4, ಪಿತ್ತದ ಹರಿವಿಗೆ ಅಡ್ಡಿಯಾದರೆ ಏರುವ ಕಿಣ್ವ ಎಎಲ್‌ಪಿ 1,240.

ಕಾರಣ ಊಹಿಸುವುದು ಕಷ್ಟವಿರಲಿಲ್ಲ. ಪಿತ್ತನಾಳ ಪ್ಯಾಂಕ್ರಿಯಾಸ್‌ನ ಮಗ್ಗುಲಿಗೇ ಹಾದು ಕರುಳಿಗೆ ಸೇರುತ್ತದೆ, ಬಾತ ಗ್ರಂಥಿ ಅದನ್ನು ಒತ್ತುತ್ತಿತ್ತು. ಅಲ್ಟ್ರಾಸೌಂಡ್‌ನಲ್ಲಿ ನಾಳ ಅಗಲವಾಗಿತ್ತು, ಪಿತ್ತಕೋಶದೊಳಗೆ ಗಟ್ಟಿ ಲೋಳೆ ಕಟ್ಟಿರಲಿಲ್ಲ. ಮಲದ ಬಣ್ಣ ಇನ್ನೂ ಕಂದು, ಅಂದರೆ ಪಿತ್ತ ಪೂರ್ತಿ ನಿಂತಿಲ್ಲ. ಕೊಯ್ಯುವ ಮಾತಾಡಲು ಇದು ಹೊತ್ತಲ್ಲ ಎಂದು ನಿರ್ಧರಿಸಿದೆ. ಬಾವು ಇಳಿದರೆ ನಾಳ ತಾನೇ ತೆರೆಯುತ್ತದೆ. ಮನೆಯೊಡತಿಗೆ ಇದನ್ನು ಹೇಳುವಾಗ ಅವರ ಕಣ್ಣು ತುಂಬಿತ್ತು. "ನಮ್ಮ ಕೈಯಾರೆ ತಿನಿಸೇವಿ" ಎಂದರು. ಅವರ ಮನೆಯ ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲಿ, ಬಂದವರಿಗೆಲ್ಲ ಉಣಿಸಿ, ನಾಯಿಯನ್ನು ಬಿಟ್ಟು ಉಣ್ಣುವ ಮನಸ್ಸು ಅವರಿಗೆ ಬಂದಿರಲಿಲ್ಲ. ಪ್ರೀತಿಯಿಂದ ಮಾಡಿದ್ದನ್ನು ತಪ್ಪೆಂದು ನಾನು ಹೇಳಲಿಲ್ಲ. ಮುಂದಿನ ಸಾರಿ ಅವಳ ಪಾಲಿಗೆ ಸಜ್ಜಿ ರೊಟ್ಟಿ ಮುರಿದು ಹಾಕಿರಿ, ತುಪ್ಪವೂ ಬೇಡ, ಹುಗ್ಗಿಯೂ ಬೇಡ ಎಂದೆ.

ನಾಲ್ಕನೆಯ ದಿನ ಮೂತ್ರದ ಬಿಲಿರುಬಿನ್ ಮೂರು ಪ್ಲಸ್ಸೇ. ಐದನೆಯ ದಿನ ಎರಡು. ಆರನೆಯ ದಿನ ಒಂದು, ಸಿಆರ್‌ಪಿ 14. ಕಣ್ಣು ಹಳದಿಯಾಗಲೇ ಇಲ್ಲ. ಏಳನೆಯ ದಿನ ಮನೆಗೆ ಕಳಿಸಿದೆವು. ಈ ನಾಲ್ಕು ದಿನದ ಲೆಕ್ಕ ಮುಖ್ಯವಾಗಿ ಸೌಟಿನ ಮೇಲೆಯೇ ನಡೆಯಿತು. ರಾಣಿಯ ಮುಂಗಾಲಿನ ರಕ್ತನಾಳ ಆ ಹೊತ್ತಿಗೆ ಸಾಕಷ್ಟು ಚುಚ್ಚಿಸಿಕೊಂಡಿತ್ತು.

ನಾಲ್ಕು ವಾರದ ಮೇಲೆ ಬಂದಾಗ 36.2 ಕೆಜಿ. ಹನ್ನೆರಡು ತಾಸಿನ ಉಪವಾಸದ ಟ್ರೈಗ್ಲಿಸರೈಡ್ 110, ಸೀರಂ ತಿಳಿನೀರಿನಂತಿತ್ತು. ಅಂದರೆ ಅವಳ ರಕ್ತದಲ್ಲಿ ಕೊಬ್ಬು ಏರಿದ್ದು ಹುಟ್ಟುಗುಣವಲ್ಲ, ಥೈರಾಯ್ಡ್ ತೊಂದರೆ ಹುಡುಕುವ ಅಗತ್ಯವೂ ಬೀಳಲಿಲ್ಲ. ಎಎಲ್‌ಪಿ ಸಹಜಕ್ಕೆ ಬಂದಿತ್ತು.

ಅದಾಗಿ ಎರಡು ತಿಂಗಳಿಗೆ, ಒಂದು ರವಿವಾರ ಬೆಳಗ್ಗೆ ಏಳಕ್ಕೆ ಮನೆಯೊಡತಿಯ ಫೋನ್.

"ಡಾಕ್ಟ್ರ, ನಸಕಿನ್ಯಾಗ ಎರಡ್ ಸಾರಿ ವಾಂತಿ ಮಾಡ್ಯಾಳ್ರಿ. ನೀರೂ ಕೊಟ್ಟಿಲ್ಲ, ಗುಳಗೀನೂ ಕೊಟ್ಟಿಲ್ಲ. ಉಚ್ಚಿ ಹಿಡದ್ ಬಾಟ್ಲ್ಯಾಗ ಹಾಕಿ ಇಟ್ಟೀನಿ. ಈಗ ಬರಲೇನ್ರಿ?"

ಬಂದರು. ವಾಂತಿಯಲ್ಲಿ ಹುಲ್ಲಿತ್ತು. ಹೊಟ್ಟೆ ಮೆತ್ತಗೆ, ಮುಟ್ಟಿದರೆ ಬಾಲ ಅಲ್ಲಾಡಿಸಿದಳು. ಮೂತ್ರ 1.038, ಬಿಲಿರುಬಿನ್ ಇಲ್ಲ. ಕಾರ್ಡಿನ ಚುಕ್ಕೆ ಹೋಲಿಕೆಯ ಚುಕ್ಕೆಗಿಂತ ತಿಳಿ. ಸಲೈನ್ ಹಚ್ಚಲಿಲ್ಲ. ಹತ್ತು ಗಂಟೆಗೆ ಮನೆಗೆ ಹೋದರು.